ಹೊಲಕ್ಕೆ ಹೆಸರು ಬಿದ್ದ ಬಗೆ

ವೇದಿಕೆಯ ನಡುವೆ ಆಸೀನರಾಗಿರುವ ಫಾರೆಸ್ಟ್ ಲೇಕ್ ಕನ್ನಡ ಗೆಳೆಯರ ಕೂಟದ ಅಧ್ಯಕ್ಷರಾದ ಶ್ರೀ ವಸಂತಕುಮಾರ್ ಅವರೇ, ಅವರ ಬಲಕ್ಕೆ ಕೂತಿರುವ ಹೋದ ವರ್ಷದ ಅಧ್ಯಕ್ಷರೇ, ಎಡಕ್ಕೆ ಕೂತಿರುವ ಮುಂದಿನ ವರ್ಷದ ಅಧ್ಯಕ್ಷರೇ, ನನ್ನ ಹೆಸರಿನ ಹಿಂದೆ ಎಷ್ಟು ವಿಶೇಷಣ ಹಿಡಿಸುತ್ತವೋ ಅಷ್ಟನ್ನೂ ತುರುಕಿ ಈಗ ನೀರು ಕುಡಿಯುತ್ತಿರುವ ನಿರೂಪಕಿ ಗೌತಮಿಯವರೇ, ಬಿಸಿಬೇಳೆಬಾತಿನ ವಾಸನೆ ಬಂದ ಕ್ಷಣದಿಂದ ಬಾಗಿಲ ಕಡೆಗೇ ಮುಖಮಾಡಿ ಕೂತಿರುವ ಹಿಂದಿನ ಸಾಲಿನ ಸಭಿಕರೇ, ಮತ್ತು ಬರುವುದಿಲ್ಲ ಎಂದು ಹೇಳಿಯೂ ಪರ್ತ್‌ನಿಂದ ವಿಮಾನ ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಮಗ ವರುಣನೇ,

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಗೌತಮಿಯವರು ನನ್ನನ್ನು 'ಬ್ರಿಸ್ಬೇನ್ ಕನ್ನಡಿಗರ ನಾಡಿ ಹಿಡಿದ ವೈದ್ಯೆ ಡಾಕ್ಟರ್ ವಿಶಾಲಾಕ್ಷಿ' ಎಂದರು. ಹಿಡಿದದ್ದು ನಿಜ. ಕ್ಲಿನಿಕ್ ಬಿಟ್ಟು ಮನೆಯಲ್ಲಿ ಕೂತ ಮೇಲೂ ಈ ಸಭೆಯ ಅರ್ಧ ಜನರ ಬಿಪಿ ನನಗೆ ಬಾಯಿಪಾಠ. ಸಿಹಿ ಬಿಟ್ಟಿದ್ದೇನೆ ಡಾಕ್ಟ್ರೇ ಎಂದು ಆಣೆ ಮಾಡಿದವರೊಬ್ಬರು ಈಗ ತಾನೇ ಜಾಮೂನಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದನ್ನೂ ಕಂಡೆ. ಹೆಸರು ಹೇಳುವುದಿಲ್ಲ. ಆದರೆ ಇವತ್ತಿನ ಸಮಾರಂಭವೇ ಹೆಸರಿನದು, ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಈ ಹಾಲಿನ ಹಿಂದೆ ಒಂದು ಮೈದಾನವಿದೆ. ನಮ್ಮ ಕೂಟಕ್ಕೆ ಕೌನ್ಸಿಲ್‌ನವರು ಬಳಸಲು ಕೊಟ್ಟದ್ದು. ಅದಕ್ಕೆ ಇವತ್ತು ನಾಮಕರಣ. ಇಗೋ, ನನ್ನ ಪಕ್ಕದಲ್ಲಿ ಅರಿಶಿನ ಕುಂಕುಮ ಬಣ್ಣದ ಬಟ್ಟೆ ಹೊದ್ದು ನಿಂತಿದೆಯಲ್ಲ, ಇದೇ ಬೋರ್ಡು. ಎರಡು ಮಾತಾಡಿ ದಾರ ಎಳೆದುಬಿಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಒಳಗೆ ಏನಿದೆ ಎಂಬ ಕುತೂಹಲ ನನಗಿಲ್ಲ, ಏಕೆಂದರೆ ಅದರ ಫೋಟೋ ಮೂರು ಸಲ ನನ್ನ ಫೋನಿಗೆ ಬಂದಿದೆ. ಮೊದಲ ಸಲ ಅಕ್ಷರ ತಪ್ಪಿತ್ತು. ಎರಡನೆಯ ಸಲ ಅಧ್ಯಕ್ಷರ ಹೆಸರು ಸಣ್ಣದಾಯಿತು. ಮೂರನೆಯದು ಅಂತಿಮ. 'ಡಾ. ರಾಜಗೋಪಾಲ ಸ್ಮಾರಕ ಬಹೂಪಯೋಗಿ ಕ್ರೀಡಾಂಗಣ.' ರಾಜಗೋಪಾಲ ಅಂದರೆ ನನ್ನ ಗಂಡ. ಮೂರು ವರ್ಷದ ಹಿಂದೆ ತೀರಿಕೊಂಡರು, ನಿಮಗೆಲ್ಲ ಗೊತ್ತಿರುವುದೇ.

ಈ ಹೆಸರು ಹುಟ್ಟಿದ ಬಗೆ ನಿಮಗೆ ಗೊತ್ತೇ? ಒಂದು ಉಪಸಮಿತಿ ಆಯಿತು. ಉಪಸಮಿತಿಗೆ ಒಂದು ವಾಟ್ಸಾಪ್ ಗುಂಪಾಯಿತು. ಗುಂಪಿನ ಹೆಸರು 'ಗ್ರೌಂಡ್ ನೇಮ್ ಫೈನಲ್'. ಅಲ್ಲಿ ಜಗಳವಾಗಿ 'ಗ್ರೌಂಡ್ ನೇಮ್ ಫೈನಲ್ ಟೂ' ಆಯಿತು. ಒಬ್ಬರು ರಾಜರ ಹೆಸರು ಬೇಕೆಂದರು. ಯಾವ ರಾಜರು ಎಂದ ಕೂಡಲೇ ಮೈಸೂರಿನವರು ಒಂದು ಕಡೆ, ಹುಬ್ಬಳ್ಳಿಯವರು ಇನ್ನೊಂದು ಕಡೆ. ನದಿಯ ಹೆಸರು ಎಂದರು, ನದಿಗೂ ಅದೇ ಗತಿ. ಬೆಂಗಳೂರಿನವರಿಗೆ ನದಿಯೂ ಇಲ್ಲ, ಅವರು ಸುಮ್ಮನೆ ಥಂಬ್ಸ್ ಅಪ್ ಹಾಕುತ್ತಾ ಕೂತರು. ಅಷ್ಟರಲ್ಲಿ ಪರ್ತ್ ಕಡೆ ಥಾರ್ನ್ಲಿಯ ನಮ್ಮವರು ತಮ್ಮ ಬಾಡಿಗೆ ಹಾಲಿಗೆ 'ಸಭಾಮಂದಿರ' ಎಂದೂ, ಅಡಿಲೇಡಿನವರು ಬಾರ್ಬೆಕ್ಯೂ ಮಾಡುವ ತಗಡಿನ ಶೆಡ್ಡಿಗೆ 'ಸಾಂಸ್ಕೃತಿಕ ಸೌಧ' ಎಂದೂ ಬೋರ್ಡು ಹಾಕಿಸಿದ ಸುದ್ದಿ ಬಂತು. ನಮ್ಮವರಿಗೆ ಹೊಟ್ಟೆಯಲ್ಲಿ ಬೆಂಕಿ. ಬದುಕಿರುವವರ ಹೆಸರಿಟ್ಟರೆ ಉಳಿದವರು ಮುನಿಯುತ್ತಾರೆ, ಆದ್ದರಿಂದ ಸತ್ತವರಲ್ಲಿ ಯಾರಿಗೂ ಬೇಡವಾಗದ ಒಬ್ಬರನ್ನು ಹುಡುಕಿದರು. ನನ್ನ ಗಂಡ ಸಿಕ್ಕರು.

ವಸಂತಕುಮಾರ್ ಅವರೇ, ಮುಖ ಕೆಂಪು ಮಾಡಿಕೊಳ್ಳಬೇಡಿ, ನಿಮ್ಮ ಬಿಪಿಯೂ ನನಗೆ ಗೊತ್ತು.

ಕ್ರೀಡಾಂಗಣವಂತೆ! ರಾಜಗೋಪಾಲ್ ಅವರಿಗೂ ಕ್ರೀಡೆಗೂ ಏನು ಸಂಬಂಧ? ಆ ಮನುಷ್ಯ ಟಿವಿಯಲ್ಲಿ ಕ್ರಿಕೆಟ್ ಬಂದರೆ ಎದ್ದು ಹೋಗಿ ಶೂ ಪಾಲಿಶ್ ಮಾಡುತ್ತಿದ್ದವರು. ನಿಮ್ಮ ಮೈದಾನಕ್ಕೆ ಬಂದದ್ದು ಒಂದೇ ಒಂದು ಯುಗಾದಿಗೆ. ಮಳೆ ಬಂದು ನಿಂತಿತ್ತು. ಪಾಲಿಶ್ ಮಾಡಿದ ಅದೇ ಶೂ ಹಾಕಿಕೊಂಡು, ಬೇವುಬೆಲ್ಲದ ತಟ್ಟೆ ಕೈಯಲ್ಲಿ ಹಿಡಿದು, ಹೆಂಗಸರೆಲ್ಲ "ಜಾರುತ್ತೆ ಅಂಕಲ್, ಜಾರುತ್ತೆ!" ಎಂದು ಕೂಗುತ್ತಿದ್ದಂತೆಯೇ ಬಿದ್ದರು. ಹಾಗೇ ಗೋಲ್ ಪೋಸ್ಟಿನ ತನಕ ಹೋದರು. ತಟ್ಟೆ ಮಾತ್ರ ಕೈ ಬಿಡಲಿಲ್ಲ. ಇದೇ ನೋಡಿ ಅವರ ಜೀವಮಾನದ ಕ್ರೀಡಾ ಸಾಧನೆ. ನಗಿ, ನಗಿ. ಅವರೂ ನಕ್ಕಿದ್ದರು.

ಗೌತಮಿಯವರು ಇನ್ನೊಂದು ಮಾತು ಹೇಳಿದರು. ಪ್ರತಿ ವರ್ಷವೂ ಕ್ರಿಸ್‌ಮಸ್ ದಿನ ಸಹೋದ್ಯೋಗಿಗಳನ್ನು ಮನೆಗೆ ಕಳಿಸಿ ತಾವೇ ಡ್ಯೂಟಿ ಮಾಡುತ್ತಿದ್ದ ಕರ್ಮಯೋಗಿ ಎಂದರು. ಚಪ್ಪಾಳೆ ತಟ್ಟಿದಿರಿ. ಆ ಕರ್ಮಯೋಗಿಯ ಹೆಂಡತಿ ಮತ್ತು ಮಗ ಊರೆಲ್ಲ ಮುಚ್ಚಿರುವ ದಿನ ಬೀಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಮರಳು ಬಿದ್ದ ಚಪಾತಿ ರೋಲ್ ತಿನ್ನುತ್ತಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. "ಅಪ್ಪನಿಗೆ ನಾವಂದ್ರೆ ಬೇಜಾರಾ ಅಮ್ಮ?" ಎಂದು ಇವನು ಕೇಳಿದಾಗ ಏನು ಹೇಳಬೇಕೋ ನನಗೆ ತಿಳಿಯುತ್ತಿರಲಿಲ್ಲ. ಇರಲಿ.

ನಾನು ಹೇಳಬೇಕೆಂದಿರುವುದು ಹೊಲಗಳ ವಿಚಾರ.

ನಾವಿಬ್ಬರೂ ಇಲ್ಲಿಗೆ ಬರುವ ಮೊದಲು ಐರ್ಲೆಂಡಿನಲ್ಲಿದ್ದೆವು. ಪಶ್ಚಿಮಕ್ಕೆ, ರಾಸ್‌ಕಾಮನ್ ಕಡೆಯ ಒಂದು ಹಳ್ಳಿ. ಇವರಿಗೆ ಪೇಟೆಯ ಆಸ್ಪತ್ರೆಯಲ್ಲಿ ಕೆಲಸ, ನಾನು ಹಳ್ಳಿಯ ಡಾಕ್ಟರಿಗೆ ಸಹಾಯಕಿ. ಮಾರ್ಟಿನ್ ಎಂಬ ರೈತನ ಹಳೆಯ ಮನೆಯಲ್ಲಿ ಬಾಡಿಗೆಗಿದ್ದೆವು. ರೋಗಿಗಳ ಮನೆಗೆ ಹೋಗಬೇಕಾದರೆ ದಾರಿ ಕೇಳಬೇಕು. ಮಾರ್ಟಿನ್‌ನ ಹೆಂಡತಿ ಬ್ರೀಜ್ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಸುಣ್ಣದ ಗೂಡು ದಾಟು, ಕುದುರೆ ಸತ್ತಿದ್ದು ಬರುತ್ತೆ, ಅಲ್ಲಿಂದ ಅಮೆರಿಕಾಗೆ ಹೋಗ್ಬೇಡ, ಬಲಕ್ಕೆ ತಿರುಗು." ಅವಳು ಹೇಳಿದ್ದು ಇಂಗ್ಲಿಷಿನಲ್ಲೇ. ನನ್ನ ತಲೆಯಲ್ಲಿ ಮಾತ್ರ ಕನ್ನಡದಲ್ಲಿ ಉಳಿದಿದೆ. ಇದೇನಪ್ಪಾ ಎಂದು ಮೊದಲ ದಿನ ಕಕ್ಕಾಬಿಕ್ಕಿಯಾದೆ. ಅವೆಲ್ಲ ಹೊಲಗಳ ಹೆಸರು! ಅಮೆರಿಕಾ ಅಂದರೆ ಮನೆಯಿಂದ ತುಂಬಾ ದೂರದ ಹೊಲ.

ಒಂದೊಂದು ಹೊಲವೂ ಅಂಗೈಯಗಲ, ಸುತ್ತ ಕಲ್ಲುಗೋಡೆ, ಪ್ರತಿಯೊಂದಕ್ಕೂ ಹೆಸರು. ಬಾವಿಯಿದ್ದರೆ ಬಾವಿ ಹೊಲ. ಅಣ್ಣತಮ್ಮ ಹೊಡೆದಾಡಿದ್ದರೆ ಜಗಳದ ಹೊಲ. ಒಬ್ಬ ವಿಧವೆ ಗಂಡ ಸತ್ತ ವರ್ಷ ಒಬ್ಬಳೇ ಹುಲ್ಲು ಕೊಯ್ದಿದ್ದರೆ ಅದು ಇನ್ನು ಎಂದೆಂದಿಗೂ ವಿಧವೆಯ ಹೊಲ, ಈಗ ಅದನ್ನು ಕೊಂಡವನು ಮೂರು ಮದುವೆಯಾಗಿದ್ದರೂ ಸರಿಯೇ. ನನಗೆ ನಮ್ಮ ಪಾಂಡವಪುರದ ಕಡೆಯ ಅಜ್ಜನ ಊರು ನೆನಪಾಗುತ್ತಿತ್ತು. ಅಲ್ಲೂ ಕಳ್ಳಿಸಾಲಿನ ಹೊಲ, ಹಂದಿ ಹಾಯ್ದ ಗದ್ದೆ. ನಮ್ಮ ದೊಡ್ಡತ್ತೆ ಒಂದು ಸಲ ಓರಗಿತ್ತಿಯ ಮೇಲೆ ಸಿಟ್ಟು ಮಾಡಿಕೊಂಡು ಹೋಗಿ ಬದುವಿನ ಮೇಲೆ ಸಂಜೆಯ ತನಕ ಕೂತಿದ್ದಕ್ಕೆ ಅದು 'ಮುನಿಸಿನ ಹೊಲ'ವಾಯಿತು. ಅತ್ತೆ ಸತ್ತರು, ಓರಗಿತ್ತಿಯೂ ಸತ್ತರು, ಮುನಿಸು ಇನ್ನೂ ಅಲ್ಲೇ ಇದೆ.

ಮಾರ್ಟಿನ್‌ನನ್ನು ನಾನು ಕೇಳಿದ್ದೆ, ನೀನು ಯಾವ ಹೊಲಕ್ಕೆ ಹೆಸರಿಟ್ಟಿದ್ದೀಯ ಎಂದು. ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ನನ್ನ ಹೊಲಕ್ಕೆ ನಾನೇ ಹೆಸರಿಡೋದಾ? ಅದು ಪಕ್ಕದವರ ಕೆಲಸ ಡಾಕ್ಟ್ರೇ" ಎಂದ. ಅಲ್ಲಿಯ ಪದ್ಧತಿಯೇ ಅದು. ತನ್ನ ಹೊಲಕ್ಕೆ ತಾನೇ ಹೆಸರಿಟ್ಟವನನ್ನು ಹೋಟೆಲಿನಲ್ಲಿ ಕೂರಿಸಿಕೊಂಡು ನಗುತ್ತಿದ್ದರು. ಹೆಸರನ್ನು ಇಡುವುದಲ್ಲ ಸ್ವಾಮಿ, ಹೆಸರು ಬೀಳುತ್ತದೆ. ದಿನವೂ ಅಲ್ಲಿ ಓಡಾಡುವವರ ಬಾಯಲ್ಲಿ ತಾನಾಗಿ ಬೀಳುತ್ತದೆ. ಅದಕ್ಕೆ ಉಪಸಮಿತಿ ಬೇಕೇ? ಬಟ್ಟೆ ಹೊದಿಸಬೇಕೇ? ದಾರ ಎಳೆಯಬೇಕೇ?

ಇನ್ನು ನಮ್ಮ ಫಾರೆಸ್ಟ್ ಲೇಕ್ ನೋಡಿ. ಕೆರೆ ತೋಡಿಸಿ ಮನೆ ಕಟ್ಟಿಸಿ ಮಾರಿದವರೇ ಹೆಸರನ್ನೂ ಇಟ್ಟುಕೊಟ್ಟರು, ಬೀಗದ ಕೈಯ ಜೊತೆಗೇ ಬಂತು. ಅಂಥ ಜಾಗದಲ್ಲಿ ವಾಸ ಮಾಡಿ ಮಾಡಿ ಹೆಸರೆಂದರೆ ಅಂಗಡಿಯಲ್ಲಿ ಸಿಗುವ ವಸ್ತು ಎಂದುಕೊಂಡಿದ್ದೀರಿ. ಈಗಲೂ ಬೋರ್ಡಿನ ಅಕ್ಷರ ಹಿತ್ತಾಳೆಯದೋ ಸ್ಟೀಲಿನದೋ ಎಂದು ನಿಮ್ಮಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ.

ಮಾರ್ಟಿನ್‌ನ ಹೊಲಗಳಲ್ಲಿ ಒಂದಕ್ಕೆ ಮಾತ್ರ ಹೆಸರಿರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅದರ ಮೂಲೆಯಲ್ಲಿ ಬಿಳಿ ಹೂ ಬಿಡುವ ಒಂದು ಮುಳ್ಳುಗಿಡ, ಕೆಳಗೆ ಅಲ್ಲಲ್ಲಿ ಸಣ್ಣ ಕಲ್ಲುಗಳು. ಬ್ರೀಜ್ ಅದನ್ನು 'ಆ ಕಡೆಯದು' ಎನ್ನುತ್ತಿದ್ದಳು, ಅದೂ ದನಿ ತಗ್ಗಿಸಿ. ಹಿಂದಿನ ಕಾಲದಲ್ಲಿ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳನ್ನು ಚರ್ಚಿನ ನೆಲದಲ್ಲಿ ಹೂಳಲು ಬಿಡುತ್ತಿರಲಿಲ್ಲ. ಅಪ್ಪಂದಿರು ಅವನ್ನು ತಂದು ಇಂಥ ಮೂಲೆಗಳಲ್ಲಿ ಮಲಗಿಸುತ್ತಿದ್ದರು. ಕಲ್ಲಿನ ಮೇಲೆ ಏನೂ ಬರೆಯುತ್ತಿರಲಿಲ್ಲ. ಇದನ್ನು ನಾನು ಹೇಳಬೇಕೆಂದಿರಲಿಲ್ಲ. ಹೊಲದ ವಿಚಾರ ತೆಗೆದರೆ ಆ ಹೊಲವೂ ಬಂದುಬಿಡುತ್ತದೆ.

ವರುಣ, ನೀರು ಬೇಡ, ಕೂತ್ಕೊ. ನಾನು ಚೆನ್ನಾಗೇ ಇದ್ದೀನಿ. ಕೂತ್ಕೊಂಡು ಕೇಳು.

ನಮಗೆ ಅಲ್ಲಿ ಒಂದು ಹೆಣ್ಣುಮಗು ಆಯಿತು. ಒಂದು ಹಗಲು ಇತ್ತು. ಸಂಜೆಗೆ ಹೋಯಿತು.

ಈ ಊರಿನಲ್ಲಿ ಇದು ಯಾರಿಗೂ ತಿಳಿಯದು. ನನ್ನ ಮಗನಿಗೂ ಈಗಲೇ ತಿಳಿಯುತ್ತಿರುವುದು. ಗೌತಮಿ, ಮೈಕ್ ತೆಗೆಯಲು ಬರಬೇಡಮ್ಮ. ನಾಡಿ ಹಿಡಿದ ವೈದ್ಯೆ ಎಂದೆಯಲ್ಲ, ಸ್ವಲ್ಪ ತಡೆದುಕೊ.

ನಮ್ಮಲ್ಲಿ ಅಷ್ಟು ಎಳೆಯ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಎಲ್ಲಿ ಹೂಳುವುದು? ನಮ್ಮವರೆಂದು ಆ ಜಿಲ್ಲೆಯಲ್ಲಿ ಒಬ್ಬರಿರಲಿಲ್ಲ. ಮಾರ್ಟಿನ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದ. "ಆ ಕಡೇದರಲ್ಲಿ ಜಾಗ ಇದೆ. ನಮ್ಮಣ್ಣನೂ ಅಲ್ಲೇ ಇದ್ದಾನೆ, ನಾನು ನೋಡೇ ಇಲ್ಲ ಅವನ್ನ. ಮಗು ಒಂಟಿ ಆಗಲ್ಲ" ಎಂದ. ರಾಜಗೋಪಾಲ್ ಅವರೇ ಎತ್ತಿಕೊಂಡು ಹೋದರು, ಅವರೇ ಅಗೆದರು. ಮಾರ್ಟಿನ್ ಗುದ್ದಲಿ ಕೇಳಿದರೂ ಕೊಡಲಿಲ್ಲವಂತೆ. ಬ್ರೀಜ್ ನನ್ನ ಪಕ್ಕದಲ್ಲಿ ಕೂತು, "ಏನು ಹೆಸರು ಇಟ್ಟಿರ್ತಿದ್ರಿ?" ಎಂದು ಕೇಳಿದಳು. ಶರಣ್ಯಾ ಎಂದೆ. ಆ ಹೆಸರನ್ನು ಇವರೇ ಆರಿಸಿದ್ದರು.

ಅಷ್ಟೇ. ಕೆಲವೇ ತಿಂಗಳಲ್ಲಿ ಬ್ರಿಸ್ಬೇನಿನ ಕೆಲಸ ಹಿಡಿದು ಮನೆ ಖಾಲಿ ಮಾಡಿಸಿಬಿಟ್ಟರು. ನನಗೆ ಬರಲು ಇಷ್ಟವಿರಲಿಲ್ಲ. ಆ ಕಿಟಕಿ ಬಿಟ್ಟು ಹೇಗೆ ಬರಲಿ ಎಂದು ಅತ್ತೆ, ಕೂಗಾಡಿದೆ. ಅವರು ಪೆಟ್ಟಿಗೆ ಕಟ್ಟಿದರು. ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಅವರ ಬಾಯಿಂದ ಆ ಹೆಸರು ಒಂದು ದಿನವೂ ಬರಲಿಲ್ಲ. ನಾನು ಎತ್ತಿದರೆ ಎದ್ದು ಹೋಗಿ ಶೂ ಪಾಲಿಶ್. ನಿಮಗೆ ಕರ್ಮಯೋಗಿ, ನನಗೆ ಓಡಿಬಂದವರು. ಅವರು ಸಾಯುವ ದಿನವೂ ನನ್ನೊಳಗೆ ಒಂದು ಸಿಟ್ಟು ಹಾಗೇ ಇತ್ತು. ಅದಕ್ಕೇ ನಿಮ್ಮ ಬೋರ್ಡಿನ ಫೋಟೋ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮಗಳಿಗೆ ಒಂದು ಕಲ್ಲು ನೆಡದೆ ಬಂದವರಿಗೆ ನೀವು ಸ್ಟೀಲಿನ ಅಕ್ಷರ ಮಾಡಿಸುತ್ತಿದ್ದೀರಿ.

ಹೋದ ವರ್ಷ ನಾನು ಒಬ್ಬಳೇ ಆ ಹಳ್ಳಿಗೆ ಹೋದೆ. ಮಗನಿಗೆ ಲಂಡನ್ ಪ್ರವಾಸ ಎಂದು ಹೇಳಿದ್ದೆ. ಎಲ್ಲ ರಸ್ತೆ ಬದಲಾಗಿದೆ, ಹೊಸ ಮನೆಗಳು ಎದ್ದಿವೆ. ದಾರಿ ತಪ್ಪಿತು. ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಮಾರ್ಟಿನ್‌ನ ಮನೆ ಯಾವ ಕಡೆ ಎಂದು ಕೇಳಿದೆ. ಗಲ್ಲಾದಲ್ಲಿದ್ದ ಹೆಂಗಸಿಗೆ ನಮ್ಮ ಗೌತಮಿಯ ವಯಸ್ಸು. ಹೊರಗೆ ಬಂದು ಕೈ ತೋರಿಸಿ ಹೇಳಿದಳು: "ನೇರ ಹೋಗಿ, ಸುಣ್ಣದ ಗೂಡು ಬರುತ್ತೆ. ಆಮೇಲೆ ಶರಣ್ಯಾ ದಾಟಿ ಎಡಕ್ಕೆ ತಿರುಗಿ."

ನಾನು ಕಾರಿನ ಬಾಗಿಲು ಹಿಡಿದುಕೊಂಡೆ. ಏನು ದಾಟಿ ಎಂದೆ. "ಶರಣ್ಯಾ. ಒಂದು ಹೊಲ. ಮೂಲೇಲಿ ಮುಳ್ಳುಗಿಡ ಇದೆ, ಗೊತ್ತಾಗುತ್ತೆ." ಯಾಕೆ ಆ ಹೆಸರು ಎಂದೆ. ಅವಳು ಭುಜ ಕುಣಿಸಿದಳು. "ಗೊತ್ತಿಲ್ಲಪ್ಪ. ಹಳೇ ಐರಿಷ್ ಮಾತಿರಬೇಕು. ನಾನು ಹುಟ್ಟಿದಾಗಿಂದ ಹಾಗೇ ಕರೀತಾರೆ" ಎಂದಳು.

ಹಳೆಯ ಐರಿಷ್ ಮಾತಂತೆ!

ಮಾರ್ಟಿನ್‌ಗೆ ಈಗ ಕಿವಿ ಕೇಳಿಸುವುದಿಲ್ಲ. ಬ್ರೀಜ್ ನನ್ನನ್ನು ನೋಡಿದವಳೇ, "ಎರಡು ಕ್ರಿಸ್‌ಮಸ್ ಫೋನ್ ಬರಲಿಲ್ಲ. ಅವಾಗಲೇ ಅಂದ್ಕೊಂಡ್ವಿ, ಡಾಕ್ಟ್ರು ಹೋದ್ರು ಅಂತ" ಎಂದಳು. ಯಾವ ಫೋನು ಎಂದೆ. ಅವಳಿಗೆ ಆಶ್ಚರ್ಯವಾಯಿತು. ಪ್ರತಿ ಕ್ರಿಸ್‌ಮಸ್ಸಿಗೂ ಇವರು ಫೋನ್ ಮಾಡುತ್ತಿದ್ದರಂತೆ. ನಾವು ಆ ಹಳ್ಳಿ ಬಿಟ್ಟ ವರ್ಷದಿಂದಲೇ, ಒಂದು ವರ್ಷವೂ ತಪ್ಪಿಲ್ಲವಂತೆ, ಆಸ್ಪತ್ರೆಯಿಂದ ಮಾಡುತ್ತಿದ್ದೀನಿ ಎನ್ನುತ್ತಿದ್ದರಂತೆ. ಹಬ್ಬದ ಶುಭಾಶಯ ಹೇಳಿ ಒಂದೇ ಮಾತು ಕೇಳುತ್ತಿದ್ದರಂತೆ: "ಶರಣ್ಯಾ ಹೇಗಿದ್ದಾಳೆ?"

ಮಾರ್ಟಿನ್ ಹೇಳುತ್ತಿದ್ದನಂತೆ, ಈ ವರ್ಷ ಓಟ್ಸ್ ಹಾಕಿದ್ವಿ, ಚೆನ್ನಾಗಿ ಬಂತು. ಈ ವರ್ಷ ಹುಲ್ಲಿಗೆ ಬಿಟ್ಟಿದ್ದೀವಿ. ಈ ವರ್ಷ ಕುರಿ ಬಿಟ್ಟಿದ್ದೀವಿ, ಮರಿಗಳೆಲ್ಲ ಮುಳ್ಳುಗಿಡದ ಕೆಳಗೇ ಮಲಗ್ತಾವೆ. ಮೂಲೆಗೆ ನೇಗಿಲು ಹಾಕಿಲ್ಲ ಡಾಕ್ಟ್ರೇ. ಇಷ್ಟೇ ಮಾತು. ಸರಿ, ಥ್ಯಾಂಕ್ಯೂ ಎಂದು ಇಡುತ್ತಿದ್ದರಂತೆ. ಅದನ್ನು ಕೇಳಿ ಕೇಳಿ ಮಾರ್ಟಿನ್‌ನ ಮಕ್ಕಳು ಹೊಲವನ್ನು ಶರಣ್ಯಾ ಎಂದೇ ಕರೆಯತೊಡಗಿದರು. ಅವರಿಂದ ಪಕ್ಕದವರು, ಪಕ್ಕದವರಿಂದ ಊರು. ಬ್ರೀಜ್ ನನ್ನ ಕೈ ಹಿಡಿದು ಹೇಳಿದಳು: "ಮೊದ್ಲು ಆ ಕಡೇದು ಅಂತ ಪಿಸುಗುಟ್ತಿದ್ವಿ. ಆ ಮಕ್ಕಳಿಗೆ ಯಾರಿಗೂ ಹೆಸರಿರಲಿಲ್ಲ. ಈಗ ಗಟ್ಟಿಯಾಗಿ ಹೇಳ್ತೀವಿ."

ಸಭಿಕರೇ, ಬಾತು ಆರುತ್ತಿದೆ, ಗೊತ್ತು. ಮುಗಿಸುತ್ತೇನೆ.

ನನ್ನ ಗಂಡನನ್ನು ನಾನು ಕಲ್ಲು ಎಂದುಕೊಂಡಿದ್ದೆ. ಅವರು ನನಗೆ ಹೇಳಬಹುದಿತ್ತು. ಒಂದು ಸಲವಾದರೂ ಫೋನನ್ನು ನನ್ನ ಕೈಗೆ ಕೊಡಬಹುದಿತ್ತು. ಅದಕ್ಕೆ ಇವತ್ತಿಗೂ ನನಗೆ ಸಿಟ್ಟಿದೆ, ಇರುತ್ತದೆ. ಆದರೆ ಆ ಮನುಷ್ಯ ಜೀವನದಲ್ಲಿ ಒಂದು ನೆಲಕ್ಕೆ ಹೆಸರು ಬೀಳುವಂತೆ ಮಾಡಿದರು, ಅಲ್ಲಿ ಬೋರ್ಡಿಲ್ಲ. ಅಂಥವರ ಹೆಸರಿಗೆ ನೀವು 'ಬಹೂಪಯೋಗಿ' ಅಂಟಿಸುತ್ತೀರಾ?

ಇನ್ನು ನಿಮ್ಮ ಮೈದಾನ. ಅದಕ್ಕೆ ಹೆಸರು ಆಗಲೇ ಬಿದ್ದಿದೆ, ನೀವು ಕಿವಿಗೆ ಹಾಕಿಕೊಂಡಿಲ್ಲ. ಅಧ್ಯಕ್ಷರ ಮಗಳು ಕವನಾ ಹೋದ ವಾರ ನಮ್ಮ ಬಾಗಿಲಿಗೆ ಬಂದು ಏನು ಕೇಳಿದಳು ಗೊತ್ತೇ? "ಅಜ್ಜಿ, ಆರ್ ಯೂ ಕಮಿಂಗ್ ಟು ಜಾರು ದಿಸ್ ಆರ್ವೋ?" ಇವತ್ತು ಮಧ್ಯಾಹ್ನ ಜಾರುಗೆ ಬರ್ತೀಯಾ ಅಂತ. ಜಾರು! ನಾನು ವಿಚಾರಿಸಿದೆ. ರಾಜಗೋಪಾಲ್ ಅಂಕಲ್ ಬಿದ್ದ ಆ ಯುಗಾದಿಯಿಂದ ಮಕ್ಕಳೆಲ್ಲ ಅದನ್ನು ಜಾರು ಎಂದೇ ಕರೆಯುವುದಂತೆ. ನೀವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು, ಯಾರೂ ಹೇಳಿಕೊಡದೆ, ಕನ್ನಡದಲ್ಲಿ ಒಂದು ನೆಲಕ್ಕೆ ಹೆಸರು ಬೀಳಿಸಿದ್ದಾರೆ. ಅದನ್ನು ಉಪಸಮಿತಿಗೆ ತಂದರೆ ಘನತೆಯಿಲ್ಲ ಎಂದು ಒಬ್ಬರು ಬಿಸಾಕಿದರಂತೆ. ನಿಮ್ಮ ಘನತೆಗಿಷ್ಟು!

ಆದ್ದರಿಂದ ಈ ದಾರವನ್ನು ನಾನು ಎಳೆಯುವುದಿಲ್ಲ. ಬಟ್ಟೆ ಸಮೇತ ಹಿಂದಕ್ಕೆ ತೆಗೆದುಕೊಂಡು ಹೋಗಿ. ಅಷ್ಟು ಆಸೆಯಿದ್ದರೆ ಅಡಿಲೇಡಿನವರ ಶೆಡ್ಡಿಗೆ ಕಳಿಸಿ, ಅವರು ಹಾಕಿಕೊಳ್ಳುತ್ತಾರೆ. ನನ್ನ ಗಂಡನಿಗೆ ಜಾರು ಸಾಕು.

ಕರೆದು ಕೂರಿಸಿದ್ದಕ್ಕೆ, ಬೈಸಿಕೊಂಡೂ ಎದ್ದು ಹೋಗದೆ ಕೂತಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಶಾಲು ಹಣ್ಣಿನ ಬುಟ್ಟಿ ಮನೆಗೆ ತೆಗೆದುಕೊಂಡು ಹೋಗುತ್ತೇನೆ, ಅದರ ಮೇಲೆ ನನಗೆ ಕೋಪವಿಲ್ಲ.

ವರುಣ, ಕ್ರಿಸ್‌ಮಸ್ ದಿನ ಅಪ್ಪನಿಗೆ ನಾವಂದ್ರೆ ಬೇಜಾರಾ ಅಂತ ಕೇಳ್ತಿದ್ದೆಯಲ್ಲ, ಉತ್ತರ ಕೊಡೋಕೆ ಇಷ್ಟು ವರ್ಷ ಆಯ್ತಪ್ಪ. ಮುಂದಿನ ತಿಂಗಳು ಮತ್ತೆ ಕ್ರಿಸ್‌ಮಸ್ ಬರುತ್ತೆ. ಬ್ರೀಜ್ ಫೋನಿನ ಹತ್ರಾನೇ ಕೂತಿರ್ತಾಳೆ. ಈ ವರ್ಷ ನೀನು ಮಾಡು. ನಿಮ್ಮಕ್ಕ ಹೇಗಿದ್ದಾಳೆ ಅಂತ ಕೇಳು.

ನಮಸ್ಕಾರ.